ಕಟ್ಟದೇ ಉಳಿದ ಬಾಜಿ

ಮಣ್ಣು ಎಷ್ಟು ಮೆತ್ತಗಿದೆ ಎಂದು ನೋಡಲು ಬಗ್ಗಿದ್ದೆ, ಅಷ್ಟೇ.

ಕಂಪ್ಲಿಯ ಗರಡಿ. ಬೆಳಗಿನ ಕಸರತ್ತು ಮುಗಿಸಿ ಪೈಲ್ವಾನರು ಬಾವಿಯ ಕಡೆ ಹೋಗಿದ್ದರು. ಸಂಜೆ ಅದೇ ಅಖಾಡದಲ್ಲಿ ಕಂಪ್ಲಿಯ ಯಂಕೋಬನಿಗೂ ಸಂಡೂರಿನ ಭಾರಿ ಆಳೊಬ್ಬನಿಗೂ ಕುಸ್ತಿ. ಮಣ್ಣು ಮೆತ್ತಗಿದ್ದರೆ ಭಾರದವನ ಕಾಲು ಹೂತು ನಿಧಾನವಾಗುತ್ತದೆ, ಹಗುರದ ಯಂಕೋಬ ಗೆಲ್ಲುತ್ತಾನೆ.

ಹೊಸಪೇಟೆಯ ಹತ್ತಿ ಮಿಲ್ಲಿನ ಗುಮಾಸ್ತಿಕೆಗೆ ರಾಜೀನಾಮೆ ಕೊಟ್ಟು ವರ್ಷವಾಗಿತ್ತು. ಕುಸ್ತಿಗೆ ಬಾಜಿ ಕಟ್ಟಿಯೇ ಸಂಸಾರ ನಡೆಸುತ್ತೇನೆ ಎಂದು ಹೊರಟಿದ್ದೆ.

ಮದರಾಸಿನ ಕುದುರೆಗಳ ಮೇಲೆ ತಂತಿ ಕಳಿಸಿ ಹಣ ಕಟ್ಟುವ ವಕೀಲರು ನಮ್ಮ ಊರಲ್ಲಿದ್ದರು. ನನಗೆ ಕುದುರೆ ಗೊತ್ತಿರಲಿಲ್ಲ, ಪೈಲ್ವಾನರು ಗೊತ್ತಿದ್ದರು. ಯಾರ ಕುತ್ತಿಗೆ ಬಿಗಿದಿದೆ, ಯಾರು ಹಾಲನ್ನು ಅರ್ಧಕ್ಕೇ ಬಿಟ್ಟರು... ಇದು ಜೂಜಲ್ಲ, ಒಂದು ಬಗೆಯ ಓದು ಎಂದುಕೊಂಡಿದ್ದೆ.

ಕೆಲವು ತಿಂಗಳು ನಡೆಯಿತು. ಆಮೇಲೆ ನಡೆಯಲಿಲ್ಲ. ಹೆಂಡತಿ ಪದ್ಮ ಒಲೆ ಹಚ್ಚುವ ಮೊದಲು ನನ್ನ ಮುಖ ನೋಡುವುದನ್ನು ಕಲಿತಳು.

ಕಂಪ್ಲಿಗೆ ಹೊರಟಾಗ ಕೇಳಿದಳು, "ನಾಳೆ ಅಡಿಗಿ ಮಾಡ್ಲೋ, ಪೈಲ್ವಾನರ ಹೆಸರು ಹೇಳಿ ಮಕ್ಕಳ್ನ ಮಲಗಿಸ್ಲೋ? ಹೇಳಿ ಹೋಗ್ರಿ."

ಸೊಂಟದ ಚೀಲ ಬಿಗಿದುಕೊಂಡು ಹೊರಟೆ. ಮನೆಯಲ್ಲಿ ಉಳಿದದ್ದೆಲ್ಲ ಮಾರಿದ ಹಣ ಅದರಲ್ಲಿತ್ತು. ಎಲ್ಲವನ್ನೂ ಯಂಕೋಬನ ಮೇಲೆ ಕಟ್ಟುವವನಿದ್ದೆ.

ಒಂದು ಹಿಡಿ ಮಣ್ಣು ಎತ್ತಿ ಬೆರಳಲ್ಲಿ ಉಜ್ಜಿದೆ. ಎಣ್ಣೆ, ಮಜ್ಜಿಗೆ, ಅರಿಸಿನದ ವಾಸನೆ. ಮೆತ್ತಗಿತ್ತು. ಸಮಾಧಾನವಾಯಿತು.

ಆಮೇಲೆ ಆ ಬೆರಳು ಹಣೆಗೆ ಹೋಯಿತು.

ದಿನಾ ಪೂಜೆಯಾದ ಮೇಲೆ ಹಣೆಗೆ ಅಂಗಾರದ ಕಪ್ಪು ಗೆರೆ ಹಚ್ಚಿಕೊಳ್ಳುವ ಕೈ ಅದು. ಬೆರಳಿಗೆ ಏನಾದರೂ ಅಂಟಿದರೆ ತಾನಾಗಿ ಮೇಲೇರುತ್ತದೆ, ನನ್ನನ್ನು ಕೇಳುವುದಿಲ್ಲ.

"ಲೇ, ಮಣ್ಣು ಹಚ್ಕೊಂಡಿ?"

ಬಾಗಿಲಲ್ಲಿ ಗರಡಿಯ ಉಸ್ತಾದ ಹುಸೇನಪ್ಪ. ವರ್ಷದಿಂದ ಅವನು ನನ್ನನ್ನು "ಬರ್ರಿ ಗುಮಾಸ್ತರ, ಕುಂದ್ರಿ" ಎಂದೇ ಕರೆದಿದ್ದ. ಕುಳಿತುಕೊಳ್ಳಲು ಗೋಡೆಯ ಬದಿಗೆ ಒಂದು ಮಣೆ, ಅದರಾಚೆ ಏನೂ ಇಲ್ಲ.

ಹಣೆಗೆ ಮಣ್ಣು ಹಚ್ಚಿಕೊಂಡವನು ಆ ಗರಡಿಯವನು. ಗರಡಿಯವನು ಯಾವ ಊರಿನ ಕುಸ್ತಿಗೂ ಬಾಜಿ ಕಟ್ಟುವಂತಿಲ್ಲ. ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಕಟ್ಟಳೆ, ನನಗೂ ಗೊತ್ತಿತ್ತು.

ಧೋತರದ ಚುಂಗು ಎತ್ತಿ ಒರೆಸಿಕೊಳ್ಳಲು ಹೋದೆ.

"ಒರಸಿದ್ರ ಹೋಗ್ತದೇನಲೇ ಅದು?" ಹುಸೇನಪ್ಪ ನಕ್ಕ. "ಗುದ್ದಲಿ ತಗೋ. ಆ ಮೂಲಿ ಗಟ್ಟಿ ಐತಿ, ಅಗದು ಹದಾ ಮಾಡು."

ಅಗೆದೆ. ಅಂಗೈಯಲ್ಲಿ ಬೊಬ್ಬೆ ಬಂತು.

ಹುಣಿಸೆಮರದ ಕೆಳಗೆ ಬಾಜಿ ಹಿಡಿಯುವ ವೀರಣ್ಣನ ಬಳಿ ಹೋಗುವ ಹೊತ್ತಿಗೆ ಸುದ್ದಿ ನನಗಿಂತ ಮುಂಚೆ ಅಲ್ಲಿಗೆ ತಲುಪಿತ್ತು. "ನಿಮ್ಮದು ನಾ ಹಿಡಿಯಂಗಿಲ್ರಿ," ಎಂದ. "ಅಂಗಾರದ ಜಾಗಕ್ಕ ಅಖಾಡ ಹಚ್ಕೊಂಡ್ರ ಯಾರೇನ್ ಮಾಡಾಕ ಬರ್ತದ?" ಸುತ್ತಲಿದ್ದವರು ಭಾಳ ಹೊತ್ತು ನಕ್ಕರು.

ಸಂಜೆ ಯಂಕೋಬ ಗೆದ್ದ.

ನನ್ನ ಓದು ಸರಿಯಾಗಿತ್ತು. ಕಟ್ಟಿದ್ದರೆ ವರ್ಷವಿಡೀ ಕಳೆದದ್ದು ಒಂದೇ ಸಂಜೆ ಮರಳಿ ಬರುತ್ತಿತ್ತು. ಮರುವಾರ ಮತ್ತೆ ಕಟ್ಟುತ್ತಿದ್ದೆ. ಅದರ ಮರುವಾರವೂ.

ಗೆದ್ದ ಯಂಕೋಬ ಕೆಳಗೆ ಬಿದ್ದವನನ್ನು ಎಬ್ಬಿಸಿ ಅವನ ಬೆನ್ನಿನ ಮಣ್ಣನ್ನು ಕೈಯಿಂದ ಸವರಿ ತೆಗೆಯುತ್ತಿದ್ದ. ಪ್ರತಿ ಕುಸ್ತಿಯ ಕೊನೆಗೂ ಹೀಗೇ ಮಾಡುತ್ತಾರಂತೆ. ಅಷ್ಟು ಕುಸ್ತಿ ನೋಡಿದ್ದೆ, ಇದನ್ನು ನೋಡಿರಲಿಲ್ಲ. ಆ ಹೊತ್ತಿಗೆ ನಾನು ಯಾವಾಗಲೂ ಹುಣಿಸೆಮರದ ಕಡೆ ಓಡುತ್ತಿದ್ದೆ.

ಮರುದಿನ ಚೀಲವನ್ನು ಹಾಗೆಯೇ ಪದ್ಮಳ ಮುಂದಿಟ್ಟೆ.

"ಗೆದ್ರೇನು?"

"ಕಟ್ಟಲೇ ಇಲ್ಲ."

ಚೀಲ ಎತ್ತಿಟ್ಟಳು. ಆಮೇಲೆ ಒಲೆ ಹಚ್ಚಿದಳು, ಈ ಸಲ ನನ್ನ ಮುಖ ನೋಡದೆ.

ಹುಸೇನಪ್ಪ ಹೇಳಿದ ಮೇಲೆ ಕಂಪ್ಲಿಯ ಬೆಲ್ಲದ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತು, ಈಗಲೂ ಅಲ್ಲೇ ಇದ್ದೇನೆ. ಮಂಡಿಯಲ್ಲಿ ಎಲ್ಲರೂ "ರಾಯರ" ಎನ್ನುತ್ತಾರೆ. ಗರಡಿಯಲ್ಲಿ ಮಾತ್ರ ಆ ಮುದುಕ, ನನ್ನ ತಲೆ ನರೆತ ಮೇಲೂ, "ಲೇ, ಗುದ್ದಲಿ ತಗೋ" ಎನ್ನುತ್ತಾನೆ.

ಗೆಲ್ಲಲಿದ್ದ ಬಾಜಿಯನ್ನು ನಿಮ್ಮ ಕೈಯಿಂದ ತಪ್ಪಿಸಿದವರು ಯಾರಾದರೂ ಇದ್ದಾರೆಯೇ? ಅವರು ನಿಮ್ಮನ್ನು ಏನೆಂದು ಕರೆಯುತ್ತಾರೆ?