ಅಕ್ಕನ ನೆಗಡಿಯ ಫೋಲ್ಡರ್

ಪೆಟ್ಟಿಗೆಯಣ್ಣನಿಗೆ ಆ ಹೆಸರು ಬಂದದ್ದು ಹಾರ್ಮೋನಿಯಂ ಪೆಟ್ಟಿಗೆಯ ಕಾಲದಲ್ಲಿ. ಆಮೇಲೆ ಹಾರ್ಮೋನಿಯಂ ಹೋಗಿ ಎಲೆಕ್ಟ್ರಾನಿಕ್ ಕೀಬೋರ್ಡ್ ಬಂತು, ತಲೆಯ ಕೂದಲು ಹೋಗಿ ಟೋಪಿ ಬಂತು, ಹೆಸರು ಮಾತ್ರ ಹಾಗೇ ಉಳಿಯಿತು. ಹಾಡಿನ ತಂಡವೊಂದರಲ್ಲಿ ಅವನು ಹದಿನಾರು ವರ್ಷದಿಂದ ನುಡಿಸುತ್ತಿದ್ದ. ತಂಡವೆಂದರೆ ಹಾಡುವವಳು ಒಬ್ಬಳು, ಡ್ರಮ್ಸಿನವನು ಒಬ್ಬ, ಇವನು. ಕೊಳಲು, ಗಿಟಾರು, ಪಿಟೀಲು ಎಲ್ಲ ಇವನ ಕೀಬೋರ್ಡಿನೊಳಗೇ ಇದ್ದವು. ಶಾಲೆಯ ವಾರ್ಷಿಕೋತ್ಸವವಿರಲಿ, ಕಾರ್ಖಾನೆಯ ಸಂತೋಷಕೂಟವಿರಲಿ, ಹಾಡುವವಳ ಎಡಗಡೆ ಎರಡು ಮೊಳ ದೂರದಲ್ಲಿ ಅವನ ಕುರ್ಚಿ. ಅವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು, ಅವಳಿಗಿಂತ ಮೂರು ವರ್ಷ ದೊಡ್ಡವನಾದ ಇವನೂ.

ಬೇರೆಯವರು ಕೀಬೋರ್ಡಿನಲ್ಲಿ ಫೈಲುಗಳನ್ನು ಹಾಡಿನ ಹೆಸರಿನ ಪ್ರಕಾರ ಜೋಡಿಸಿಟ್ಟರೆ ಇವನು ಅಕ್ಕನ ಗಂಟಲಿನ ಪ್ರಕಾರ ಜೋಡಿಸಿದ್ದ. ಒಂದು ಫೋಲ್ಡರಿನ ಹೆಸರು ‘ಅಕ್ಕ ಚೆನ್ನಾಗಿ’, ಇನ್ನೊಂದರದು ‘ಅಕ್ಕ ನೆಗಡಿ’. ಎರಡರಲ್ಲೂ ಅವೇ ತೊಂಬತ್ತು ಹಾಡು. ನೆಗಡಿಯದರಲ್ಲಿ ಮಾತ್ರ ಪ್ರತಿ ಹಾಡಿನ ಶ್ರುತಿ, ಕಟ್ಟಿದ ಗಂಟಲಿಗೂ ಎಟುಕುವಂತೆ, ಒಂದು ಮನೆ ಕೆಳಗೆ. ಮೈಕ್ ಸರಿಯಿದೆಯೇ ಎಂದು ನೋಡಲು ಅಕ್ಕ “ಹಲೋ” ಅಂದರೆ ಸಾಕು, ಇವತ್ತು ಯಾವ ಫೋಲ್ಡರ್ ಎಂದು ಅವನಿಗೆ ಗೊತ್ತಾಗಿಬಿಡುತ್ತಿತ್ತು. ಕಟ್ಟಿದ ಗಂಟಲಲ್ಲೂ ಹಾಡು ಸಲೀಸಾಗಿ ಮುಗಿದಾಗ ಅಕ್ಕ ಫ್ಲಾಸ್ಕ್ ಎತ್ತಿ ತೋರಿಸಿ, “ಬಿಸಿನೀರು ಕುಡಿದಿದ್ದು ಒಳ್ಳೇದಾಯ್ತು ನೋಡಿ” ಎನ್ನುತ್ತಿದ್ದಳು. “ಹೌದಕ್ಕ” ಎನ್ನುತ್ತಿದ್ದ ಇವನು. ಅವಳಿಗೆ ಒಳಗೊಳಗೇ ಗೊತ್ತಿದೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ ಎಂದು ಅವನು ನಂಬಿದ್ದ. ನಂಬುವುದಕ್ಕೆ ಯಾರ ಅಪ್ಪಣೆ ಬೇಕು?

ಒಮ್ಮೆ ಅವನ ಹೆಂಡತಿ ಕೀಬೋರ್ಡಿನ ಧೂಳು ಒರೆಸುತ್ತ ಪರದೆಯ ಮೇಲಿದ್ದ ಹೆಸರುಗಳನ್ನು ಓದಿದಳು. “ಏನ್ರೀ, ನನ್ನ ನೆಗಡಿಗೆ ಯಾವ ಫೋಲ್ಡರ್ ಇಟ್ಟಿದ್ದೀರಿ?” ಎಂದು ಕೇಳಿದಳು. ಅವಳಿಗೆ ಆಗ ನಾಲ್ಕು ದಿನದಿಂದ ಮೂಗು ಸೋರುತ್ತಿತ್ತು. ಅವನು ಕನ್ನಡಕ ಹುಡುಕುವವನಂತೆ ಒಳಗೆ ಹೋದ.

ಹೀಗಿರುವಾಗ ಹೊಸಬಳು ಬಂದಳು. ನಲವತ್ತರ ಆಸುಪಾಸು, ಶಾಲೆಯಲ್ಲಿ ಸಂಗೀತ ಕಲಿಸಿ ಬಿಟ್ಟವಳು, ಇವನಂತೆಯೇ ಕೀಬೋರ್ಡ್ ನುಡಿಸುವವಳು. ಕಾರ್ಯಕ್ರಮಗಳು ಹೆಚ್ಚಾದದ್ದರಿಂದ ತಂಡದ ಯಜಮಾನ ಹಾಡಲು ಹೊಸ ಹುಡುಗಿಯರನ್ನು ಸೇರಿಸಿ ಇನ್ನೊಂದು ತಂಡ ಕಟ್ಟಲು ಹೊರಟಿದ್ದ. ಇವನನ್ನು ಕರೆದು, “ಎರಡು ತಿಂಗಳು ನೀವಿಬ್ರೂ ಸರದಿ ಮೇಲೆ ಅಕ್ಕನ ಜೊತೆ ನುಡಿಸಿ. ಆಮೇಲೆ ಅಕ್ಕನ ಪಕ್ಕ ಯಾರು, ಹೊಸ ಹುಡುಗೀರ ತಂಡಕ್ಕೆ ಯಾರು ಅಂತ ನೋಡೋಣ. ನಿಮ್ಮ ಫೈಲೆಲ್ಲ ಅವ್ರಿಗೂ ಕೊಟ್ಬಿಡಿ” ಎಂದ. ಪೆಟ್ಟಿಗೆಯಣ್ಣನ ಹೊಟ್ಟೆಯೊಳಗೆ ಯಾರೋ ಕೊಳ್ಳಿ ಇಟ್ಟಂತಾಯಿತು.

ಅಭ್ಯಾಸದ ಕೋಣೆಯಲ್ಲಿ ಆ ಬೆಂಕಿಗೆ ದಿನವೂ ಎಣ್ಣೆ ಬೀಳುತ್ತಿತ್ತು. ಹೊಸಬಳು ಏನಂದರೂ ಅಕ್ಕ ನಗುತ್ತಿದ್ದಳು. ಅಷ್ಟು ನಗುವಂಥದ್ದೇನಿತ್ತೋ ಇವನಿಗಂತೂ ಕಾಣಲಿಲ್ಲ. ಒಂದು ದಿನ ಅಕ್ಕ ಫ್ಲಾಸ್ಕಿನ ಮುಚ್ಚಳದಲ್ಲಿ ಬಿಸಿನೀರು ಬಗ್ಗಿಸಿ ಅವಳಿಗೆ ಕೊಟ್ಟಳು. ಹದಿನಾರು ವರ್ಷದಲ್ಲಿ ಆ ಮುಚ್ಚಳ ಒಮ್ಮೆಯೂ ಎಡಗಡೆಯ ಕುರ್ಚಿಯತ್ತ ಬಂದಿರಲಿಲ್ಲ. ಇವನಿಗೆ ಬಿಸಿನೀರು ಸೇರುವುದಿಲ್ಲ, ಆ ಮಾತು ಬೇರೆ. ಕೊಡಬೇಕಿತ್ತು.

ಮರುದಿನ ಬೆಳಿಗ್ಗೆ ಫೈಲುಗಳನ್ನೆಲ್ಲ ಪೆನ್‌ಡ್ರೈವಿಗೆ ತುಂಬಿದ. ಅಕ್ಕನ ದನಿ ಎತ್ತರದಲ್ಲಿ ಹೊಳೆಯುವಂಥದ್ದು. ಗಂಟಲು ಚೆನ್ನಾಗಿರುವ ದಿನ ಶ್ರುತಿ ತಗ್ಗಿಸಿದರೆ ಹಾಡು ಸಪ್ಪೆಯಾಗುತ್ತದೆ, ಅಕ್ಕ ಸಿಡಿಮಿಡಿಗೊಳ್ಳುತ್ತಾಳೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಪೆನ್‌ಡ್ರೈವಿನಲ್ಲಿ ಆ ಎರಡು ಫೋಲ್ಡರುಗಳ ಹೆಸರನ್ನು ಅದಲುಬದಲು ಮಾಡಲು ಕುಳಿತ. ಎರಡಕ್ಕೂ ಒಂದೇ ಹೆಸರಿಡಲು ಕೀಬೋರ್ಡ್ ಒಪ್ಪುವುದಿಲ್ಲ. ಮೊದಲು ಒಂದಕ್ಕೆ ‘ಸುಮ್ನೆ’ ಎಂಬ ಹೆಸರು ಕೊಟ್ಟು, ಇನ್ನೊಂದನ್ನು ಬದಲಿಸಿ, ಮತ್ತೆ ‘ಸುಮ್ನೆ’ಯನ್ನು ತಿದ್ದಬೇಕು. ಒಂದೊಂದೇ ಅಕ್ಷರ ಒತ್ತುತ್ತ ಮೂರು ಸಲ ಹೆಸರಿಟ್ಟ. ಮನಸ್ಸು ಬದಲಾಯಿಸಲು ಬೇಕಾದಷ್ಟು ಹೊತ್ತಿತ್ತು. ಬದಲಾಯಿಸಲಿಲ್ಲ.

“‘ಚೆನ್ನಾಗಿ’ ಅನ್ನೋದನ್ನೇ ತೆಗೀರಿ. ಇನ್ನೊಂದು ಹಳೇದು, ಮುಟ್ಬೇಡಿ” ಎಂದು ಹೊಸಬಳ ಕೈಗೆ ಕೊಟ್ಟ. “ತುಂಬ ಉಪಕಾರ ಆಯ್ತು ಅಣ್ಣ” ಎಂದಳು ಅವಳು.

ಅವಳ ಮೊದಲ ಸರದಿ ಒಂದು ಶಾಲೆಯ ಸಭಾಂಗಣದಲ್ಲಿ. ಪೆಟ್ಟಿಗೆಯಣ್ಣ ಸುಮ್ಮನೆ ಬಂದವನ ಹಾಗೆ ಕೊನೆಯ ಸಾಲಿನಲ್ಲಿ ಕೂತ. ಅಕ್ಕ ಮೈಕ್ ಹಿಡಿದು “ಹಲೋ” ಎಂದಳು. ಅಕ್ಕನಿಗೆ ನೆಗಡಿ! ತಾನೊಂದು ಬಗೆದರೆ ದೈವವೊಂದು ಬಗೆಯಿತು. ಅವನೇ ಕೈಯಾರೆ ಹೆಸರು ಬದಲಿಸಿಟ್ಟ ತಗ್ಗಿದ ಶ್ರುತಿ ಅಕ್ಕನ ಗಂಟಲಿಗೆ ಹೇಳಿ ಮಾಡಿಸಿದಂತೆ ಕೂತಿತು. ಹಾಡಿನ ಮೇಲೆ ಹಾಡು ಗೆದ್ದಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕಳ್ಳನಿಗೆ ಚೇಳು ಕಡಿದಂತಾಗಿ, ಅವನೂ ಎದ್ದು ತಟ್ಟಿದ.

ವೇದಿಕೆಯ ಹಿಂದೆ ಹೋದಾಗ ಅಕ್ಕ ಬೆರಗಾಗಿ ಹೇಳುತ್ತಿದ್ದಳು: “ಗಂಟಲು ಪೂರ್ತಿ ಕಟ್ಟಿತ್ತು ಕಣೇ, ಆದ್ರೂ ಹೇಗೆ ಹಾಡ್ದೆ ಅಂತ ನಂಗೇ ಗೊತ್ತಿಲ್ಲ.”

“ಮೊನ್ನೆ ಅಭ್ಯಾಸದಲ್ಲಿ ಇದ್ದಿದ್ದಕ್ಕಿಂತ ಶ್ರುತಿ ಒಂದು ಮನೆ ಕೆಳಗಿತ್ತಲ್ಲಕ್ಕ” ಎಂದಳು ಹೊಸಬಳು, ತನಗೂ ಅರ್ಥವಾಗದವಳಂತೆ.

“ನನ್ನ ಗಂಟಲು ನೋಡಿ ಇಳಿಸಿದ್ಯಾ!” ಅಕ್ಕ ಅವಳನ್ನು ಬಾಚಿ ತಬ್ಬಿಕೊಂಡಳು. ಅವಳ ಹೆಗಲ ಮೇಲಿಂದ ಪೆಟ್ಟಿಗೆಯಣ್ಣನನ್ನು ನೋಡಿ, “ಕೇಳಿದ್ರಾ? ಇಷ್ಟು ವರ್ಷದಲ್ಲಿ ನನ್ನ ನೆಗಡೀನ ಒಬ್ರಾದ್ರೂ ಗಮನಿಸಿದ್ರಾ?” ಎಂದಳು. ಬೈಗುಳವೇನಲ್ಲ, ನಗುತ್ತಲೇ ಅಂದದ್ದು. ಬೈದಿದ್ದರೆ ವಾಸಿಯಿತ್ತು.

ಎರಡು ದಿನ ಬಿಟ್ಟು ಹೊಸಬಳು ಅವನ ಮನೆಗೇ ಬಂದಳು. ಪೆನ್‌ಡ್ರೈವ್ ಮೇಜಿನ ಮೇಲಿಟ್ಟಳು.

“ಹೆಸರು ಅದಲುಬದಲಾಗಿತ್ತು ಅಣ್ಣ. ಎರಡನ್ನೂ ತೆಗೆದು ನೋಡ್ದೆ, ಸರಿ ಮಾಡ್ಕೊಂಡೆ.” ಅವನು ಟೋಪಿ ಸರಿಮಾಡಿಕೊಂಡ. “ಹದಿನಾರು ವರ್ಷದಿಂದ ಅಕ್ಕಂಗೆ ನೆಗಡಿ ಆದಾಗೆಲ್ಲ ನೀವೇ ಇಳಿಸ್ತಿದ್ರಿ, ಅಲ್ವಾ? ಆ ಹೊಗಳಿಕೆ ನಂದಲ್ಲ. ನನಗೂ ಸಂಕಟ. ಅಕ್ಕಂಗೆ ಹೇಳ್ಬಿಡ್ಲಾ?”

ಅವನ ಜೀವವೆಲ್ಲ ‘ಹೇಳಿ’ ಎಂದಿತು.

“ಆದ್ರೆ ಹೇಳಿದ್ರೆ ಪೂರ್ತಿ ಹೇಳ್ಬೇಕಾಗತ್ತೆ. ಅವತ್ತೇ ಯಾಕೆ ನನ್ನ ಕೈಗೆ ಆ ಫೋಲ್ಡರ್ ಬಂತು ಅಂತಾನೂ ಕೇಳ್ತಾರೆ.”

ಬಾಯೊಳಗೆ ಬಿಸಿ ತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಒಳಬಾಗಿಲ ಬಳಿ ಹೆಂಡತಿ ಕೈಯಲ್ಲಿ ಲೋಟ ಹಿಡಿದು ಎಲ್ಲ ಕೇಳಿಸಿಕೊಳ್ಳುತ್ತ ನಿಂತಿದ್ದಳು. “ಬೇಡ, ಬಿಡಿ” ಎಂದ ಕೊನೆಗೆ.

ಎರಡು ತಿಂಗಳು ಕಾಯುವ ಅಗತ್ಯವೇ ಬೀಳಲಿಲ್ಲ. ಅಕ್ಕನೇ ಯಜಮಾನನಿಗೆ, ಇನ್ನು ತನ್ನ ಪಕ್ಕ ಹೊಸಬಳೇ ಇರಲಿ ಎಂದು ಹೇಳಿಬಿಟ್ಟಳು. ಮೊದಲೇ ಒಪ್ಪಿಕೊಂಡಿದ್ದ ಒಂದೇ ಒಂದು ಕಾರ್ಯಕ್ರಮ ಪೆಟ್ಟಿಗೆಯಣ್ಣನ ಪಾಲಿಗೆ ಉಳಿದಿತ್ತು. ಕುರ್ಚಿಯನ್ನು ಎಂದಿನಂತೆ ಎಡಗಡೆ ಎರಡು ಮೊಳ ದೂರಕ್ಕೆ ಹಾಕಿಕೊಂಡ. ಅಕ್ಕ ಬಂದು “ಹಲೋ” ಎಂದಳು. ದನಿ ಸ್ವಲ್ಪ ಒರಟಾಗಿತ್ತು. ಅವನ ಬೆರಳು ತಾನಾಗಿಯೇ ‘ಅಕ್ಕ ನೆಗಡಿ’ಗೆ ಹೋಗಿ ನಿಂತಿತು.

ಅಷ್ಟರಲ್ಲಿ ಅಕ್ಕ ಬಗ್ಗಿ ಮೆಲ್ಲಗೆ, “ನೀವೂ ಇವತ್ತು ಅವಳ ಥರ ನನ್ನ ಗಂಟಲು ನೋಡ್ಕೊಂಡು ನುಡಿಸ್ತೀರಾ?” ಎಂದಳು.

“ಆಗ್ಲಿ ಅಕ್ಕ.”

ಹಾಡು ಚೆನ್ನಾಗಿ ಬಂತು. ಚಪ್ಪಾಳೆ ನಿಂತ ಮೇಲೆ ಅಕ್ಕ ಫ್ಲಾಸ್ಕಿನ ಮುಚ್ಚಳದಲ್ಲಿ ಬಿಸಿನೀರು ಬಗ್ಗಿಸಿ, ಹದಿನಾರು ವರ್ಷದಲ್ಲಿ ಮೊದಲ ಸಲ ಅವನ ಕಡೆ ಚಾಚಿದಳು.

“ನೋಡಿ, ಅವಳನ್ನ ನೋಡಿ ನೀವೂ ಎಷ್ಟು ಬೇಗ ಕಲ್ತ್ರಿ!”

ಅವನು ಎರಡೂ ಕೈಯಲ್ಲಿ ಮುಚ್ಚಳ ಹಿಡಿದು, ಸೇರದ ಬಿಸಿನೀರನ್ನು ಒಂದು ಹನಿ ಬಿಡದೆ ಕುಡಿದ.