ಏಳರ ಮಗ್ಗಿಯ ಕೆಮ್ಮು

ಸಾಲಿಗೆ ಒಬ್ಬರೇ ಮಾಸ್ತರರಿದ್ದು, ಅವರು ಕೆಮ್ಮಿದರೆ ಐದೂ ವರ್ಗ ಗಪ್ಪಾಗುತ್ತಿದ್ದ ದಿನಗಳವು. ತಾಂಬಾ ಹತ್ತಿರದ ತೋಟದ ವಸ್ತಿಯಲ್ಲಿ ನಮ್ಮ ಸಾಲಿ. ಕಿಟಕಿಯಾಚೆ ಲಿಂಬಿ ಗಿಡಗಳು ಹೂ ಬಿಟ್ಟರೆ ಬರೆಯುವ ಪಾಟಿಗೂ ಅದರದೇ ವಾಸನೆ. ನಾನು ಐದನೇತ್ತೆ, ಸಾಲಿಯ ಕೊನೆಯ ವರ್ಗ. ಓದಿನಲ್ಲಿ ಸಾಧಾರಣ, ಅಣಕಿಸುವುದರಲ್ಲಿ ಮೊದಲ ನಂಬರು. ನಮ್ಮ ಆಯಿಯ ಗೊರಕೆಯನ್ನೂ ಬಿಟ್ಟವನಲ್ಲ.

ನನ್ನ ಲೆಕ್ಕ ಬೇಗ ಮುಗಿಯುತ್ತಿತ್ತು; ತಪ್ಪಿದ್ದರೂ ಮುಗಿಯುತ್ತಿತ್ತು. ಅದಕ್ಕೇ ಬಿರಾದಾರ ಸರ್ ನನಗೆ, ಪಡಸಾಲೆಯಲ್ಲಿ ಮೂರನೇತ್ತೆಯವರಿಗೆ ಏಳರ ಮಗ್ಗಿ ಹೇಳಿಸುವ ಕೆಲಸ ಹಚ್ಚಿದರು. ನನ್ನ ದನಿಗೆ ಯಾರೂ ಕಿಮ್ಮತ್ತು ಕೊಡಲಿಲ್ಲ. ಸರ್ ದನಿ ತೆಗೆದೆ, ಎಲ್ಲರೂ ನೆಟ್ಟಗೆ ಕೂತರು. ಸರ್‌ಗೆ ‘ಏಳೇಳ್ಲೆ ನಲವತ್ತೊಂಬತ್ತು’ ಅಂದಾಗ ಉಸಿರು ಮುಗಿದು, ಮುಷ್ಟಿ ಬಾಯಿಗಿಟ್ಟು ಎರಡು ಸಲ ಕೆಮ್ಮುವ ರೂಢಿ. ನಾನು ಅದನ್ನೂ ಬಿಡಲಿಲ್ಲ. ಒಳಗಿನ ಗದ್ದಲದಲ್ಲಿ ಅವರಿಗೆ ಅದು ಕೇಳಲಿಲ್ಲ. ಎಂದೂ ಬಾಯಿ ಬಿಡದ ಭೌರವ್ವ ಕೂಡ ನಾಲ್ಕೇ ದಿನಕ್ಕೆ ಮಗ್ಗಿ ಕಲಿತಳು.

ಅಷ್ಟರಲ್ಲಿ ಸಾಲಿ ನೋಡಲು ತಾಲೂಕಿನ ಊರಾದ ಇಂಡಿಯಿಂದ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ಭೌರವ್ವನನ್ನೇ ಎಬ್ಬಿಸಿದರು. ಅವಳು ನಲವತ್ತೊಂಬತ್ತಕ್ಕೆ ಬಂದು, ಮುಷ್ಟಿ ಬಾಯಿಗಿಟ್ಟು ಎರಡು ಸಲ ಕೆಮ್ಮಿದಳು.

“ಯಾಕವಾ, ನೆಗಡಿ ಆಗೈತೇನು?”

“ಇಲ್ರಿ, ಮಗ್ಗಿ ಹಂಗ ಐತ್ರಿ.”

ಇಡೀ ವರ್ಗದಿಂದ ಹೇಳಿಸಿದರು. ಇಡೀ ವರ್ಗ ಕೆಮ್ಮಿತು. ಎಲ್ಲರೆದುರು ಸರ್ ಮರ್ಯಾದೆ ಹೋಯಿತೆಂದು ನಾನು ಮುಂದಿನವನ ಬೆನ್ನ ಹಿಂದೆ ಸರಿದೆ. ಸರ್ ಒಮ್ಮೆ ನನ್ನ ಕಡೆ ನೋಡಿ ಹೇಳಿದರು: “ಕೆಮ್ಮು ನಂದ್ರಿ ಸಾಹೇಬ್ರ. ಮಗ್ಗಿ ಅವ್ರದು.”

ಸಾಹೇಬರು ಹೋದ ಮೇಲೆ ಸರ್ ನನ್ನನ್ನು ಲಿಂಬಿ ಗಿಡದ ಕೆಳಗೆ ಕರೆದರು. “ಬಾರಪಾ ಸಣ್ಣ ಮಾಸ್ತರ.” ಬೆನ್ನು ಬಿಗಿ ಹಿಡಿದು ನಿಂತೆ. ಹೊಡೆಯಲಿಲ್ಲ. “ಕಲಿಸಾಕ ಬರ್ತೈತಿ ನಿನಗ. ಆದ್ರ ಮಕ್ಳು ಬರೇ ಹೇಳಿದ್ದು ಕಲಿಯೂದಿಲ್ಲ, ಮಾಡಿದ್ದೂ ಕಲೀತಾವ. ನಾಳಿಂದ ನಿನ್ನ ದನೀಲೇ ಹೇಳು. ಕೆಮ್ಮು ನೀನ ಬಿಡಸು.”

ಮಗ್ಗಿ ಕಲಿಸಲು ನಾಲ್ಕು ದಿನ, ಕೆಮ್ಮು ಬಿಡಿಸಲು ಹದಿನೈದು ದಿನ ಹಿಡಿಯಿತು. ಕೊನೆಗೆ ಭೌರವ್ವ ಕೆಮ್ಮದೆ ಎಪ್ಪತ್ತು ಮುಟ್ಟಿದ ದಿನ ಓಡಿಹೋಗಿ ಕೇಳಿದೆ, “ಮಾಸ್ತರ ಆಗಾಕ ಏನ್ ಮಾಡ್ಬೇಕ್ರಿ?”

ಸರ್ ಬೆರಳು ಮಡಚಿದರು: “ಪಿಯುಸಿ ಆಗ್ಬೇಕು, ಡಿ.ಎಡ್. ಆಗ್ಬೇಕು, ಟಿಇಟಿ ಪಾಸಾಗ್ಬೇಕು. ಆಮ್ಯಾಲ ಸರ್ಕಾರ ಕರದಾಗ ಇನ್ನೊಂದು ಪರೀಕ್ಷಾ.”

“ಬಾಳ ಉದ್ದ ಆತಲ್ರಿ!”

“ಕೆಮ್ಮು ಬಿಡಸೂದಕ್ಕಿಂತ ಏನಲ್ಲ.”

ಟಿಇಟಿಯಲ್ಲಿ ಒಮ್ಮೆ ಡುಮ್ಕಿ ಹೊಡೆದು, ಎರಡನೇ ಸಲ ದಾಟಿ, ಈಗ ಮೋರಟಗಿ ಕಡೆ ಅತಿಥಿ ಶಿಕ್ಷಕ. ಸರ್ಕಾರ ಕರೆಯುವುದನ್ನು ಕಾಯುತ್ತಿದ್ದೇನೆ. ಮೊನ್ನೆ ಕಿಟಕಿಯಿಂದ ಇಣುಕಿದರೆ, ನಾಲ್ಕನೇತ್ತೆಯ ಹುಡುಗಿಯೊಬ್ಬಳು ಸೊಂಟದ ಮೇಲೆ ಇಲ್ಲದ ಪ್ಯಾಂಟು ಏರಿಸಿಕೊಳ್ಳುತ್ತ, ಬಾತುಕೋಳಿಯಂತೆ ನಡೆಯುತ್ತ, “ಏಯ್, ಹಿಂದ ಯಾರದು?” ಅನ್ನುತ್ತಿದ್ದಳು. ಅದು ನಾನೇ. ಊರನ್ನೆಲ್ಲ ಅಣಕಿಸಿದವನಿಗೆ ತನ್ನ ನಡಿಗೆ ಇಷ್ಟು ಕೆಟ್ಟದೆಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮೊದಲು ಸರ್‌ಗೆ ಹೇಳಬೇಕೆನಿಸಿತು. ಅವರು ತೀರಿಹೋಗಿ ಎರಡು ವರ್ಷ. ಆ ದನಿ, ಆ ಕೆಮ್ಮು ನನ್ನ ಗಂಟಲಲ್ಲಿ ಹಾಗೇ ಇವೆ, ಯಾರು ಕೇಳಿದರೂ ಮಾಡಿ ತೋರಿಸುತ್ತೇನೆ. ಆದರೆ ‘ಬಾರಪಾ ಸಣ್ಣ ಮಾಸ್ತರ’ ಎಂದು ನನ್ನನ್ನು ನಾನೇ ಕರೆದುಕೊಂಡರೆ ಏನು ಬಂತು?