ಕೊಸರು ಕೇಳಿದ ಪ್ರಾರ್ಥನೆ

ಮಕ್ಕಳೇ, ಮನೆಯಲ್ಲಿ ಪ್ರಾರ್ಥನಾ ಕೂಟ ನಡೆದಾಗಲೆಲ್ಲ ಕುಕ್ಕರ್ ಯಾಕೆ ಕೂಗುತ್ತದೆ ಎಂದು ನೀವು ಒಮ್ಮೆ ಕೇಳಿದ್ದಿರಿ. ಬೇಳೆ ಬೇಯಲು ಹೊತ್ತು ಹಿಡಿಯುತ್ತದೆ ಎಂದಿದ್ದೆ. ಬೇಳೆಯ ತಪ್ಪೇನೂ ಇರಲಿಲ್ಲ.

ಕೂಟದ ಪದ್ಧತಿ ನಿಮಗೆ ಗೊತ್ತಿದೆ. ಹಾಡು ಮುಗಿದ ಮೇಲೆ ಜಮಖಾನೆಯ ಮೇಲೆ ಸುತ್ತ ಕುಳಿತು, ಕಣ್ಣು ಮುಚ್ಚಿ, ಒಬ್ಬರಾದ ಮೇಲೆ ಒಬ್ಬರು ಗಟ್ಟಿಯಾಗಿ ಪ್ರಾರ್ಥಿಸಬೇಕು. ನಿಮ್ಮ ಅಪ್ಪನದು ಇಂಗ್ಲಿಷ್. ಬೆಂಗಳೂರಿನಿಂದ ಬಂದ ಕಂಪ್ಯೂಟರ್ ಕಂಪನಿಯ ಹುಡುಗರದು ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಎಲ್ಲರೂ ಪಾದ್ರಿಗಳ ಹಾಗೆ ಸರಾಗ. ನಾನೋ ಗದಗಿನ ಹತ್ತಿರದ ಹಳ್ಳಿ ಶಾಲೆಯಲ್ಲಿ ಓದಿದವಳು. ಮಾಸ್ತರರು ಹೆಸರು ಕೂಗಿದರೆ 'ಹಾಜರ್' ಅನ್ನಲೂ ಬಾಯಿ ಬರುತ್ತಿರಲಿಲ್ಲ. ಪಕ್ಕದವಳು ನನ್ನ ಪರವಾಗಿ ಹೇಳುತ್ತಿದ್ದಳು. ಮದುವೆಯಾದ ಮೇಲೆ ನಮ್ಮಿಬ್ಬರ ಪ್ರಾರ್ಥನೆಯನ್ನೂ ನಿಮ್ಮ ಅಜ್ಜನೇ ಮಾಡಿಬಿಡುತ್ತಿದ್ದರು, ನನ್ನದು 'ಆಮೆನ್' ಮಾತ್ರ. ಅವರು ಹೋಗಿ, ನಾನು ಕೋಲ್ಕತ್ತಕ್ಕೆ ನಿಮ್ಮ ಅವ್ವನ ಮನೆಗೆ ಬಂದ ಮೇಲೆ ಆ ಕೆಲಸವನ್ನು ಕುಕ್ಕರ್ ವಹಿಸಿಕೊಂಡಿತು. ಸರದಿ ನನ್ನ ಹತ್ತಿರ ಬರುವ ಹೊತ್ತಿಗೆ ಅದು ಕೂಗಬೇಕು, ನಾನು ಎದ್ದು ಅಡುಗೆಮನೆಗೆ ಓಡಬೇಕು, ಹಾಗೆ ಉರಿ ಹದ ಮಾಡಿ ಇಡುತ್ತಿದ್ದೆ.

ಕೋಲ್ಕತ್ತದಲ್ಲಿ ನನ್ನ ಬಾಯಿ ಬಿಚ್ಚುವ ಜಾಗ ಒಂದೇ, ಗರಿಯಾಹಾಟ್ ಮಾರ್ಕೆಟ್. ಅಲ್ಲಿ ನಾನು ಕನ್ನಡದಲ್ಲೇ ಚೌಕಾಶಿ ಮಾಡುತ್ತೇನೆ, ತರಕಾರಿಯವನು ಬಂಗಾಳಿಯಲ್ಲೇ ಉತ್ತರ ಕೊಡುತ್ತಾನೆ. "ಏನಪ್ಪಾ, ನಿನ್ನ ಬದನಿಕಾಯಿ ನನಗಿಂತ ಮುದುಕಾಗ್ಯಾವಲ್ಲ" ಅನ್ನುತ್ತೇನೆ. ಅವನೂ ಏನೋ ಅನ್ನುತ್ತಾನೆ, ಸುತ್ತಲಿನವರು ನಗುತ್ತಾರೆ. ತೂಕವಾದ ಮೇಲೆ ಮೇಲಿಷ್ಟು ಹಸಿಮೆಣಸಿನಕಾಯಿ ಕೊಸರು ಹಾಕಿಸಿಕೊಳ್ಳದೆ ನಾನು ಅಲ್ಲಿಂದ ಕದಲುವುದಿಲ್ಲ. ಕೊಸರಿಗೆ ಇಲ್ಲಿಯವರು 'ಫಾವು' ಅನ್ನುತ್ತಾರೆ.

ನನ್ನ ಈ ಅವತಾರವನ್ನು ಎದುರುಮನೆಯ ಬಂಗಾಳಿ ಅಜ್ಜಿ ಕಂಡಿದ್ದರು. ನನ್ನಂತೆ ಅವರಿಗೂ ಗಂಡ ಇಲ್ಲ. ನಾನು ಅವರಿಗೆ ದೀದಿ, ಅವರು ನನಗೆ ದೀದಿ. ಅವರ ಒಂದು ಕಣ್ಣು ಹೋಗಿ ಬಹಳ ವರ್ಷವಾಗಿತ್ತು. ಉಳಿದ ಕಣ್ಣಿಗೂ ಪೊರೆ ಬಂದು ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಒಂದು ದಿನ ನಮ್ಮ ಬಾಗಿಲಲ್ಲಿ ನಿಂತು, ತಮ್ಮ ಬಂಗಾಳಿ ಬೆರೆತ ಹಿಂದಿಯಲ್ಲಿ ಕೇಳಿದರು:

"ಇದೂ ಹೋದರೆ ಇಲಿಶ್ ಮೀನಿನ ಮುಳ್ಳು ಹೇಗೆ ಬಿಡಿಸಲಿ, ದೀದಿ?"

"ಸೊಸೆ ಬಿಡಿಸಿ ಕೊಡುತ್ತಾಳೆ" ಎಂದೆ, ನನ್ನ ಹರಕು ಹಿಂದಿಯಲ್ಲಿ.

"ಅವಳು ಒಳ್ಳೆಯವಳೇ. ಆದರೆ ಮೊಬೈಲ್ ನೋಡುತ್ತ ಮುಳ್ಳು ಬಿಡಿಸುತ್ತಾಳೆ. ಒಂದು ಉಳಿದರೆ ನನ್ನ ಕಥೆ ಮುಗಿಯಿತು."

ನಗುತ್ತಲೇ ಹೇಳಿದರು, ಆದರೆ ಬಾಗಿಲು ಬಿಟ್ಟು ಕದಲಲಿಲ್ಲ. ಆಮೇಲೆ ತಗ್ಗಿದ ದನಿಯಲ್ಲಿ, "ನಿಮ್ಮ ಕೂಟಕ್ಕೆ ಬರುತ್ತೇನೆ. ನನಗಾಗಿ ನೀವೇ ಕೇಳಬೇಕು, ನಿಮ್ಮ ಅಳಿಯ ಬೇಡ. ಬಜಾರಿನಲ್ಲಿ ನೀವು ಹೇಗೆ ಕೇಳುತ್ತೀರಿ ಅಂತ ನೋಡಿದ್ದೇನೆ. ಗಟ್ಟಿಯಾಗಿ ಕೇಳಿ, ನನ್ನ ಕಿವಿಗೆ ಬೀಳಬೇಕು" ಎಂದರು.

ಹೂಂ ಎಂದೆ. ಒಳಗೆ ಹೋಗಿ ಕುಕ್ಕರಿನ ಮುಖ ನೋಡಿದೆ. ಒಲೆಯ ಮುಂದೆ ನಿಂತು ಮನಸ್ಸಿನಲ್ಲೇ ಪ್ರಾರ್ಥಿಸಿದರೆ ದೇವರಿಗೆ ಕೇಳಿಸದೇ ಇರುತ್ತದೆಯೇ ಎಂದು ಸಮಾಧಾನ ಮಾಡಿಕೊಂಡೆ.

ಕೂಟದ ದಿನ ದೀದಿ ಗಂಜಿ ಹಾಕಿದ ಸೀರೆ ಉಟ್ಟು ಎಲ್ಲರಿಗಿಂತ ಮೊದಲೇ ಬಂದರು. ಮೊಣಕಾಲು ನೋವಿನವರೆಂದು ಕುರ್ಚಿ ಹಾಕಿದೆವು. ನಾನು ಕೆಳಗೆ ಅವರ ಪಕ್ಕದಲ್ಲೇ ಕುಳಿತೆ. ಪ್ರಾರ್ಥನೆ ಸುತ್ತಿ ಬರತೊಡಗಿತು. ಬೆಂಗಳೂರಿನ ಹುಡುಗರದು ಆಯಿತು, ನಿಮ್ಮ ಅಪ್ಪನದು ಆಯಿತು, ನಿಮ್ಮ ಅವ್ವನದೂ ಮುಗಿಯಿತು. ಕುಕ್ಕರ್ ಉಸಿರೆತ್ತಲಿಲ್ಲ. ನಾನು ಒಂದು ಕಣ್ಣು ತೆರೆದು ಅಡುಗೆಮನೆಯ ಕಡೆ ನೋಡಿದೆ.

ದೀದಿ ಬಗ್ಗಿ ಪಿಸುಗುಟ್ಟಿದರು: "ಕೈ ತೊಳೆಯಲು ಹೋದಾಗ ಗ್ಯಾಸ್ ಆರಿಸಿ ಬಂದೆ. ಉರಿ ಹಾಗೇ ಬಿಟ್ಟಿದ್ದಿರಿ. ಇನ್ನು ನಿಶ್ಚಿಂತೆಯಿಂದ ಮಾಡಿ."

ಎದುರಿಗೆ ನಿಂತ ಮನುಷ್ಯರ ಗುರುತು ಹಿಡಿಯಲಾಗದ ಆ ಕಣ್ಣಿಗೆ ನನ್ನ ಸಣ್ಣ ಉರಿ ಹೇಗೆ ಕಂಡಿತೋ. ನನ್ನ ಕೈ ಹಿಡಿದುಕೊಂಡರು. ನಾನು ಬಾಯಿ ತೆರೆದೆ. ಕೂಟದ ಮಾತು ಯಾವುದೂ ಬರಲಿಲ್ಲ, ಗರಿಯಾಹಾಟಿನ ಮಾತು ಬಂತು.

"ಯೇಸುಸ್ವಾಮಿ, ನೋಡಪ್ಪಾ. ಈಕಿದು ಒಂದು ಕಣ್ಣು ಹೋಗಿ ಭಾಳ ವರ್ಷ ಆತು, ಅದನ್ನ ನಾ ಈಗ ಕೇಳಂಗಿಲ್ಲ. ಇರೋದೊಂದನ್ನ ಚೊಕ್ಕ ಮಾಡಿ ಕೊಡು. ಮಸುಕು ಗಿಸುಕು ಇದ್ದದ್ದು ನಮಗ ಬ್ಯಾಡ. ಸಣ್ಣ ಮುಳ್ಳೂ ಕಾಣಬೇಕು. ಹೆಚ್ಚಿಗಿ ಕೊಟ್ರ ನಿನ್ನ ಬುಟ್ಟಿ ಏನ್ ಖಾಲಿ ಆಗಂಗಿಲ್ಲ. ಮತ್ತ ಈಕಿ ಮೊಣಕಾಲು ಭಾಳ ನೋಯತಾವು, ಅದನ್ನ ಕೊಸರಿಗೆ ಹಾಕು. ನಾಕು ಮಂದಿ ಮುಂದ ಬಾಯಿ ಬಿಟ್ಟು ಕೇಳೀನಿ, ನನ್ನ ಮಾರಿ ನೋಡಿಯಾದ್ರೂ ಕೊಡು."

ನಗು ತಡೆಯಲು ಹೋಗಿ ಬೆಂಗಳೂರಿನ ಹುಡುಗನೊಬ್ಬನ ಹೆಗಲು ಕುಣಿಯುತ್ತಿತ್ತು. ಎಲ್ಲರಿಗಿಂತ ಮೊದಲು ಆಮೆನ್ ಅಂದವರು ದೀದಿ. ಆಮೇಲೆ, ನಾನು ಏನು ಕೇಳಿದೆ ಎಂದು ನಿಮ್ಮಲ್ಲಿ ದೊಡ್ಡವಳನ್ನು ವಿಚಾರಿಸಿದರು.

"ಅಜ್ಜಿ ದೇವರ ಜೊತೆ ಚೌಕಾಶಿ ಮಾಡಿದಳು" ಎಂದು ನೀನು ಬಂಗಾಳಿಯಲ್ಲಿ ಹೇಳಿದೆ.

"ಫಾವು ಕೇಳಿದರಾ?"

"ನಿಮ್ಮ ಮೊಣಕಾಲು."

"ಹಾಗಾದರೆ ಸರಿಯಾಗಿ ಕೇಳಿದ್ದಾರೆ" ಎಂದು ದೀದಿ ಸೆರಗು ಸರಿಮಾಡಿಕೊಂಡರು.

ನನಗೆ ನಾಚಿಕೆಯಾಗಿ ವಾರವಿಡೀ ಕಂಪ್ಯೂಟರ್ ಹುಡುಗರ ಕಣ್ಣು ತಪ್ಪಿಸಿ ಓಡಾಡಿದೆ. ಆದರೆ ಒಂದು ಮಾತು ಆಗಲೇ ಹೊಳೆದದ್ದು. ಕೃಪೆ, ಕೃಪೆ ಎಂದು ದೇವಾಲಯದಲ್ಲಿ ಪಾದ್ರಿಗಳ ಎಷ್ಟು ಪ್ರಸಂಗ ಕೇಳಿದ್ದೇನೋ. ಅದು ಕೊಸರಲ್ಲವೇ? ತೂಕಕ್ಕೆ ಸೇರಿದ್ದಲ್ಲ, ಕೇಳಲು ನಮಗೆ ಹಕ್ಕೂ ಇಲ್ಲ. ಆದರೂ ಚೀಲ ತೆರೆದು ನಿಂತವಳನ್ನು ಬರಿಗೈಲಿ ಕಳಿಸಲು ಕೊಡುವವನಿಗೆ ಮನಸ್ಸಾಗುವುದಿಲ್ಲ.

ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ಮೇಲೆ ದೀದಿ ನೆಟ್ಟಗೆ ನಮ್ಮ ಮನೆಗೆ ಬಂದು ನನ್ನನ್ನು ಬೆಳಕಿಗೆ ತಿರುಗಿಸಿ ನೋಡಿದರು.

"ದೀದಿ, ನಿಮ್ಮ ಮುಖದಲ್ಲಿ ಇಷ್ಟು ಸುಕ್ಕಿತ್ತಾ? ನಾನು ನಿಮ್ಮನ್ನು ಚಿಕ್ಕವರು ಅಂದುಕೊಂಡಿದ್ದೆ."

ಕೆಲವು ದಿನ ಬಿಟ್ಟು ಊಟಕ್ಕೆ ಕರೆದರು. ತಟ್ಟೆಯಲ್ಲಿ ಸಾಸಿವೆ ಅರೆದು ಮಾಡಿದ ಇಲಿಶ್. ನಾನು ಊಟದ ಪ್ರಾರ್ಥನೆಗೆ ಕಣ್ಣು ಮುಚ್ಚಿದೆ. "ಬೇಗ ಮುಗಿಸಿ, ಆರಿ ಹೋಗುತ್ತದೆ" ಎಂದರು. ಕಣ್ಣು ತೆರೆದರೆ ನನ್ನ ತಟ್ಟೆಯ ತುಂಡಿನ ಮುಳ್ಳುಗಳೆಲ್ಲ ಅವರ ತಟ್ಟೆಯ ಅಂಚಿನಲ್ಲಿ ಸಾಲಾಗಿ ಕೂತಿದ್ದವು.

"ಬಯಲುಸೀಮೆಯವರಿಗೆ ಇದೆಲ್ಲ ಬರುವುದಿಲ್ಲ, ತಿನ್ನಿ" ಎಂದು, ಅನ್ನ ತರಲು ಎದ್ದರು. ಎದ್ದವರು ಮೊಣಕಾಲು ಹಿಡಿದುಕೊಂಡು ಅಲ್ಲೇ ನಿಂತರು.

"ಫಾವು ಇನ್ನೂ ಬಂದಿಲ್ಲ, ದೀದಿ. ಇನ್ನೊಂದು ಸಲ ಕೇಳಿ."

ಮುಂದಿನ ಕೂಟದ ದಿನ ನಾನು ಬೇಳೆಯನ್ನು ಬೆಳಿಗ್ಗೆಯೇ ಬೇಯಿಸಿ ಇಟ್ಟೆ.